ಹಬ್ಬಕ್ಕೆ ಬರೋದಿಲ್ಲ ಅಂದ ಮಗನಿಗೆ

ಪ್ರೀತಿಯ ಪುಟ್ಟ,

ನಿನ್ನ ಮೆಸೇಜ್ ಓದಿದೆ. "ಈ ಸಲ ಹಬ್ಬಕ್ಕೆ ಬರೋದಿಲ್ಲ ದೊಡ್ಡಮ್ಮ, ಚರ್ಚಿಗೆ ಬರೋಕೆ ಮುಖ ಇಲ್ಲ" ಅಂತ ಬರೆದಿದ್ದೀಯ. ಫೋನಿನಲ್ಲಿ ಉತ್ತರ ಹಾಕಿದರೆ ಎರಡು ಸಾಲು ಓದಿ ಪಕ್ಕಕ್ಕಿಡುತ್ತೀಯ. ಅದಕ್ಕೇ ಈ ಕಾಗದ. ಒಬ್ಬನೇ ಇರುವಾಗ ಕೂತು ಓದು.

ನಿಮ್ಮಮ್ಮ ನನಗೆ ಎಲ್ಲ ಹೇಳಿದ್ದಾಳೆ. ತಂಗಿಯ ನರ್ಸಿಂಗ್ ಫೀಸಿಗೆ ಅಂತ ನಿನ್ನ ಖಾತೆಯಲ್ಲಿಟ್ಟಿದ್ದ ದುಡ್ಡು ಕ್ರಿಕೆಟ್ ಬೆಟ್ಟಿಂಗಿಗೆ ಹೋಯಿತು. ಹೋದದ್ದನ್ನು ವಾಪಸ್ ತರುತ್ತೇನೆ ಅಂತ ಸಾಲ ಮಾಡಿ ಅದನ್ನೂ ಹಾಕಿದೆ. ಮನೆಯಲ್ಲಿ ಸಂಬಳ ಆಗಿಲ್ಲ ಅಂದೆ. ಕೊನೆಗೆ ಅಮ್ಮ ತನ್ನ ಸರ ಅಡವಿಟ್ಟು ಫೀಸು ಕಟ್ಟಿದಳು. ಇದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಹೇಳಿದರೂ ನಿನಗೆ ಸಮಾಧಾನ ಆಗೋದಿಲ್ಲ, ಅಲ್ವಾ? ಆದರೆ ಮುಖ ಇಲ್ಲ ಅಂತ ದೂರ ಉಳಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಈಗ ಆಗಮನ ಕಾಲ, ಕ್ರಿಸ್ಮಸ್ ಹಬ್ಬಕ್ಕೆ ಸಿದ್ಧವಾಗುವ ನಾಲ್ಕು ವಾರ. ಹೊರಗೆ ನವೆಂಬರಿನಿಂದಲೇ ಅಂಗಡಿಗಳಲ್ಲಿ ನಕ್ಷತ್ರ, ಕೇಕು, ಹಾಡು. ಚರ್ಚಿನ ಒಳಗೆ ಹಾಗಲ್ಲ. ಗುರುಗಳು ನೇರಳೆ ಬಣ್ಣದ ಉಡುಪು ಹಾಕುತ್ತಾರೆ. ಭಾನುವಾರದ ಪೂಜೆಯಲ್ಲಿ ಗ್ಲೋರಿಯ ಅನ್ನುವ ಸ್ತುತಿಗೀತೆ ಹಾಡುವುದಿಲ್ಲ, ಕ್ರಿಸ್ಮಸ್ ರಾತ್ರಿಗೆ ಅಂತ ಎತ್ತಿಟ್ಟಿರುತ್ತಾರೆ. ಈ ನಾಲ್ಕು ವಾರದಲ್ಲಿ ನಾವು ಗೋದಲಿಯ ಮಗು ಯೇಸುವಿಗಿಂತ ಮೊದಲು ಭೇಟಿಯಾಗುವುದು ಒಂಟೆ ಕೂದಲಿನ ಬಟ್ಟೆ ತೊಟ್ಟು, ನದಿಯಲ್ಲಿ ಜನರಿಗೆ ಸ್ನಾನದೀಕ್ಷೆ ಕೊಡುತ್ತಿದ್ದ ಪ್ರವಾದಿ ಸ್ನಾನಿಕ ಯೊವಾನ್ನನನ್ನು. ಹಬ್ಬದ ಸಡಗರದಲ್ಲಿ ಅವನನ್ನು ಬೇಗ ದಾಟಿಬಿಡುತ್ತೇವೆ. ಅದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಬೈಬಲಿನಲ್ಲಿ ಲೂಕನ ಶುಭಸಂದೇಶದ ಮೂರನೇ ಅಧ್ಯಾಯ ತೆಗೆದು ನೋಡು. ಯೊವಾನ್ನ ಬಂದವರನ್ನು ಹಾವಿನ ಸಂತಾನವೇ ಅಂತ ಬೈಯುತ್ತಾನೆ. ಆದರೂ ಜನ ಎದ್ದು ಹೋಗುವುದಿಲ್ಲ. ಹಾಗಾದರೆ ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅನ್ನುತ್ತಾನೆ. ಆಮೇಲೆ ಸುಂಕದವರು ಬರುತ್ತಾರೆ. ಅವರು ರೋಮಿನವರ ಪರವಾಗಿ ತೆರಿಗೆ ಎತ್ತಿ, ಮೇಲಿಂದ ತಮಗೂ ಸುಲಿದುಕೊಳ್ಳುತ್ತಿದ್ದವರು. ಊರಲ್ಲಿ ಅವರಿಗೆ ಮರ್ಯಾದೆ ಇರಲಿಲ್ಲ. ನಿನ್ನ ಲೆಕ್ಕದಲ್ಲಿ ಮುಖ ಇಲ್ಲದವರು ಅಂದರೆ ಅವರೇ. ಆದರೂ ಎಲ್ಲರ ಎದುರಿಗೆ ನದಿಯ ಹತ್ತಿರ ಬಂದರು. ಸುಲಿದ ದುಡ್ಡೆಲ್ಲ ತೀರಿಸಿ, ಶುದ್ಧವಾಗಿ, ಆಮೇಲೆ ಬರೋಣ ಅಂತ ಕಾದಿದ್ದರೆ ಒಬ್ಬನೂ ಬರುತ್ತಿರಲಿಲ್ಲ.

ಅವರಿಗೆ ಅವನು ಏನು ಹೇಳಿದ? ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ, ಅಷ್ಟೇ. ಕೆಲಸ ಬಿಡಿ ಅನ್ನಲಿಲ್ಲ, ನನ್ನ ಜೊತೆ ಕಾಡಿಗೆ ಬನ್ನಿ ಅನ್ನಲಿಲ್ಲ. ಮೇಲೆ ನೋಡಿದರೆ ಸುಲಭ. ಆದರೆ ಮಾರನೇ ದಿನ ಬೆಳಿಗ್ಗೆ ಆ ಮನುಷ್ಯ ಸುಂಕದ ಕಟ್ಟೆಯಲ್ಲಿ ಕೂತಿರುತ್ತಾನೆ. ಮೊದಲನೇ ವ್ಯಾಪಾರಿ ಕತ್ತೆಯ ಮೇಲೆ ಸರಕು ಹೇರಿಕೊಂಡು ಬರುತ್ತಾನೆ, ಅವನಿಗೆ ಲೆಕ್ಕ ಬಾರದು. ಇನ್ನೆರಡು ನಾಣ್ಯ ಕೇಳಿದರೂ ಕೊಟ್ಟು ಹೋಗುತ್ತಾನೆ. ಅಲ್ಲಿ ಬಾಯಿ ಮುಚ್ಚಿಕೊಂಡು ಸರಿಯಾದಷ್ಟೇ ತಗೊಳ್ಳಬೇಕು. ಪಶ್ಚಾತ್ತಾಪ ಅಂದರೆ ನನ್ನ ಮಟ್ಟಿಗೆ ಅದು. ರೂಮಿನಲ್ಲಿ ದೀಪ ಆರಿಸಿ ನಾನು ಕೆಟ್ಟವನು, ಕೆಟ್ಟವನು ಅಂದುಕೊಂಡು ಮಲಗುವುದಲ್ಲ. ಹಾಗೆ ಮಲಗಿದರೆ ಅಮ್ಮನ ಸರ ಬಿಡಿಸಿದ ಹಾಗಾಗುವುದಿಲ್ಲ.

ಸಿಪಾಯಿಗಳಿಗೂ ಅವನು ಒಂದು ಮಾತು ಹೇಳುತ್ತಾನೆ. ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ನಿಮ್ಮ ಸಂಬಳ ನಿಮಗೆ ಸಾಕು ಅಂತ. ಈ ಕೊನೆಯ ಮಾತನ್ನು ನೀನು ಬರೆದು ಗೋಡೆಗೆ ಅಂಟಿಸಿಕೋ.

ಈಗ ನಿರೀಕ್ಷೆಯ ವಿಷಯ. ಎಲ್ಲ ಮುಗೀತು ಅಂತ ಬರೆದಿದ್ದೀಯ. ಬೆಟ್ಟಿಂಗ್ ಆಡುವಾಗ ನಿನಗಿದ್ದದ್ದೂ ಒಂದು ಆಸೆಯೇ. ಮುಂದಿನ ಓವರಿನಲ್ಲಿ ಎಲ್ಲ ಒಟ್ಟಿಗೆ ಬಂದುಬಿಡುತ್ತದೆ, ಯಾರಿಗೂ ಗೊತ್ತಾಗದ ಹಾಗೆ ಎಲ್ಲ ಸರಿಹೋಗುತ್ತದೆ ಅನ್ನುವ ಆಸೆ. ಅದರಲ್ಲಿ ನೀನು ಮಾಡಬೇಕಾದ್ದು ಏನೂ ಇರಲಿಲ್ಲ, ಸುಮ್ನೆ ಸ್ಕ್ರೀನ್ ನೋಡುತ್ತಾ ಕೂರುವುದು. ಆ ಆಸೆ ಮುಗಿದಿದ್ದರೆ ಒಳ್ಳೆಯದೇ ಆಯಿತು. ದೇವರು ಕೊಡುವ ನಿರೀಕ್ಷೆ ಬೇರೆ, ಅದು ಮುಗಿದಿಲ್ಲ.

ನಿಮ್ಮ ಮನೆಯ ಹಾಲ್‌ನಲ್ಲಿ ತೂಗುಹಾಕಿರುವ ವಾಕ್ಯ ನೆನಪಿದೆಯಾ? ನಿಮಗೆ ಒಳ್ಳೆಯ ಭವಿಷ್ಯ ಕೊಡುವ ಯೋಜನೆ ನನ್ನದು ಅಂತ ದೇವರು ಹೇಳುವ ಮಾತು, ಬೈಬಲಿನ ಪ್ರವಾದಿ ಯೆರೆಮೀಯನ ಗ್ರಂಥ 29:11. ಎಷ್ಟು ಕ್ರೈಸ್ತರ ಮನೆಗಳಲ್ಲಿ, ಕ್ಯಾಲೆಂಡರುಗಳಲ್ಲಿ ಆ ವಾಕ್ಯ ಇದೆ! ಅದರ ಹಿಂದಿನ ವಾಕ್ಯವನ್ನು ಯಾರೂ ಫ್ರೇಮ್ ಹಾಕಿಸುವುದಿಲ್ಲ. ಎಪ್ಪತ್ತು ವರ್ಷ ಆದ ಮೇಲೆ ಅಂತ ಅದರಲ್ಲಿದೆ.

ಅದೂ ಒಂದು ಕಾಗದವೇ ಪುಟ್ಟ. ಕ್ರಿ.ಪೂ. 597ರಲ್ಲಿ ಬಾಬಿಲೋನಿಯದ ರಾಜ ನೆಬೂಕದ್ನೆಚ್ಚರ ಜೆರುಸಲೇಮಿನ ಅರಸನನ್ನೂ ಪ್ರಮುಖರನ್ನೂ ಕಮ್ಮಾರರನ್ನೂ ಸೆರೆಹಿಡಿದು ಒಯ್ದ. ಉಳಿದವರ ನಡುವೆ ಹನನ್ಯ ಅನ್ನುವ ಪ್ರವಾದಿ ಎದ್ದು, ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅಂದ. ಬಾಬಿಲೋನಿಗೆ ತಲೆಬಾಗಬೇಕು ಅನ್ನುವ ಗುರುತಾಗಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ನೊಗ ಕಿತ್ತು ಮುರಿದೇ ಹಾಕಿದ. ಜನರಿಗೆ ಎಷ್ಟು ಖುಷಿಯಾಗಿರಬೇಕು! ಯೆರೆಮೀಯ ಮಾತ್ರ ದೂರದ ಸೆರೆಯವರಿಗೆ ಬರೆದ ಕಾಗದದಲ್ಲಿ ಬೇರೆಯೇ ಹೇಳಿದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ. ಬೇಗ ಬಿಡುಗಡೆ ಅಂತ ಹೇಳುವವರನ್ನು ನಂಬಬೇಡಿ. ಕ್ರಿ.ಪೂ. 539ರಲ್ಲಿ ಬಾಬಿಲೋನ್ ಪರ್ಷಿಯದ ಸೈರಸ್‌ನ ಕೈಸೇರಿತು, ಆಮೇಲೆ ಊರಿಗೆ ಮರಳಲು ಅಪ್ಪಣೆ ಸಿಕ್ಕಿತು. ಆ ಕಾಗದ ಓದಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಅಷ್ಟರಲ್ಲಿ ತೀರಿಹೋಗಿರಬೇಕು. ಆದರೆ ಊರಿಗೆ ಮರಳಿದ ಮೊಮ್ಮಕ್ಕಳನ್ನು ಸಾಕಿದ್ದು ಅವರು ಕಟ್ಟಿದ ಮನೆ, ಅವರು ಮಾಡಿದ ತೋಟ.

ನಿನಗೆ ಎರಡೂ ಸಿಗುತ್ತವೆ ಪುಟ್ಟ, ಹನನ್ಯನ ಮಾತೂ, ಯೆರೆಮೀಯನ ಮಾತೂ. ಇನ್ನೊಂದು ಮ್ಯಾಚು, ಇನ್ನೊಂದು ಸಾಲ, ಎರಡು ತಿಂಗಳಲ್ಲಿ ಎಲ್ಲ ಕ್ಲಿಯರ್ ಅಂತ ನಿನ್ನ ಮೊಬೈಲಿನಲ್ಲೇ ಬರುತ್ತದೆ. ನಾನು ಹೇಳುವುದು ತಿಂಗಳಿಗೆ ಮೂರು ಸಾವಿರ, ಸಂಬಳ ಬಂದ ದಿನವೇ, ಅಮ್ಮನ ಖಾತೆಗೆ. ಸರ ಬಿಡಿಸೋಕೆ ವರ್ಷಗಳು ಬೇಕಾಗಬಹುದು. ಬೇಕಾದರೆ ಬೇಕಾಗಲಿ.

ಹಬ್ಬಕ್ಕೆ ಮೊದಲು ಪಾಪನಿವೇದನೆ ಮಾಡು. ಗುರುಗಳು ಕೇಳಿದ್ದನ್ನು ಯಾರಿಗೂ ಹೇಳುವ ಹಾಗಿಲ್ಲ, ಪ್ರಾಣ ಹೋದರೂ ಹೇಳುವ ಹಾಗಿಲ್ಲ, ಅದು ನಿನಗೆ ಗೊತ್ತು. ನಮ್ಮ ಗುರುಗಳ ಹತ್ತಿರ ಸಂಕೋಚ ಆದರೆ ಬೆಂಗಳೂರಿನಲ್ಲೇ ಪರಿಚಯ ಇಲ್ಲದವರ ಹತ್ತಿರ ಮಾಡು. ಕ್ಷಮೆ ಅಲ್ಲೇ, ಆಗಲೇ ಸಿಗುತ್ತದೆ. ಆದರೆ ಕ್ಷಮೆ ಸಿಕ್ಕಿತು ಅಂತ ಸಾಲ ತೀರುವುದಿಲ್ಲ. ತೆಗೆದುಕೊಂಡದ್ದನ್ನು ತಿರುಗಿ ಕೊಡಲೇಬೇಕು ಅಂತ ಧರ್ಮಸಭೆ ಮೊದಲಿನಿಂದಲೂ ಕಲಿಸಿದೆ. ಜಕ್ಕಾಯನ ಕಥೆಯಲ್ಲೂ ನೋಡು, ಅವನೂ ಸುಂಕದವನೇ. ಯೇಸು ಮೊದಲು ಅವನ ಮನೆಗೆ ಬರುತ್ತೇನೆ ಅಂದರು, ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂತ ಅವನು ಹೇಳಿದ್ದು ಆಮೇಲೆ.

ಈ ಚಟಕ್ಕೆ ಪ್ರಾರ್ಥನೆಯ ಜೊತೆ ಔಷಧವೂ ಬೇಕಾಗಬಹುದು. ಅದರಲ್ಲಿ ನಾಚಿಕೆ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಫೋನ್ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಆಸ್ಪತ್ರೆ ನೀನಿರುವ ಊರಲ್ಲೇ ಇದೆ. ಮೊಬೈಲ್, ಆನ್‌ಲೈನ್ ಗೀಳಿಗೆ ಅಂತಲೇ ಅಲ್ಲಿ ಒಂದು ವಿಭಾಗ 2014ರಿಂದ ನಡೆಯುತ್ತಿದೆ. ರಾತ್ರಿ ಕೈ ಮೊಬೈಲಿನ ಕಡೆ ಹೋದರೆ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ.

ಇನ್ನೊಂದು ವಿಷಯ. ನಾವು ಚರ್ಚಿನಲ್ಲಿ ಹಸಿರು ಸೊಪ್ಪಿನ ಬಳೆಯ ಮೇಲೆ ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತೇವಲ್ಲ, ಅದು ಶುರುವಾದದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, 1839ರಲ್ಲಿ. ವಿಖೆರ್ನ್ ಅನ್ನುವ ಪ್ರಾಟೆಸ್ಟಂಟ್ ದೈವಶಾಸ್ತ್ರಜ್ಞರು ಅಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸಾಕುತ್ತಿದ್ದರು. ಹಬ್ಬ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಕೇಳುತ್ತಿದ್ದವು. ಅವರು ಒಂದು ಚಕ್ರದ ಮೇಲೆ ಭಾನುವಾರಕ್ಕೆ ದೊಡ್ಡ ಬತ್ತಿ, ಉಳಿದ ದಿನಕ್ಕೆ ಸಣ್ಣ ಬತ್ತಿ ಇಟ್ಟು, ದಿನಕ್ಕೊಂದು ಹಚ್ಚಿಸಿದರು. ನೀನೂ ಕ್ಯಾಲೆಂಡರಿನಲ್ಲಿ ಆಡದೆ ಕಳೆದ ದಿನಕ್ಕೊಂದು ಗೀಟು ಹಾಕು. ಒಂದು ದಿನ ತಪ್ಪಿದರೆ ಮಾರನೇ ದಿನದಿಂದ ಮತ್ತೆ ಹಾಕು.

ಹಬ್ಬಕ್ಕೆ ಬಾ. ಅಮ್ಮ ಗೋದಲಿಗೆ ಅಂತ ಅಲ್ಯೂಮಿನಿಯಂ ತಟ್ಟೆಯಲ್ಲಿ ರಾಗಿ ಬಿತ್ತಿ, ಒದ್ದೆ ಬಟ್ಟೆ ಮುಚ್ಚಿಟ್ಟಿದ್ದಾಳೆ. ನೀನು ಬರುತ್ತೀಯ ಅಂತಲೇ ಬಿದಿರು ತರಿಸಿದ್ದಾಳೆ. ಬರುವಾಗ ಸಾಲದ ಲೆಕ್ಕ ಪೂರ್ತಿ ಬರೆದು ತಾ, ಒಂದು ರೂಪಾಯಿಯನ್ನೂ ಮುಚ್ಚಿಡಬೇಡ. ಮೇಜಿನ ಮೇಲಿಟ್ಟು ಮೂವರೂ ಕೂತು ನೋಡೋಣ.

ಅದಕ್ಕಿಂತ ಮೊದಲು ತಂಗಿಗೆ ನೀನೇ ಹೇಳು. ಅವಳಿಗೆ ಅರ್ಧ ಮಾತ್ರ ಗೊತ್ತು. ಅವಳು ಬೈಯಬಹುದು, ಫೋನ್ ಇಟ್ಟುಬಿಡಬಹುದು. ಆಗ ಮಾರನೇ ದಿನ ಮತ್ತೆ ಮಾಡು. ಈ ವಾರ ಅವಳಿಗೆ ವಾರ್ಡ್ ಡ್ಯೂಟಿ ಇದೆ, ರಾತ್ರಿ ಒಂಬತ್ತರ ಮೇಲೆ ಮಾಡು.

ನಿನ್ನ ದೊಡ್ಡಮ್ಮ