ಸಾಕು ನನಗೊಂದು ಹೆಜ್ಜೆ

‘ಕರುಣಾಳು, ಬಾ, ಬೆಳಕೆ’ ಎಂದು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಕೈ ಮುಗಿದು ಹಾಡಿದವರು ನಮ್ಮ ಸಂಘದಲ್ಲಿ ಬಹಳ ಮಂದಿ ಇದ್ದಾರೆ. ಅದು ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದ್ದೆಂದೂ ಅವರಲ್ಲಿ ಹೆಚ್ಚಿನವರು ಬಲ್ಲರು. ಆದರೆ ಅದರ ಮೂಲವನ್ನು ಬರೆದ ಜಾನ್ ಹೆನ್ರಿ ನ್ಯೂಮನ್ 1890ರ ಆಗಸ್ಟ್ 11ರಂದು ಕೊನೆಯುಸಿರೆಳೆದದ್ದು ನಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ಬರ್ಮಿಂಗ್‌ಹ್ಯಾಮಿನ ಹ್ಯಾಗ್ಲಿ ರಸ್ತೆಯ ಆರೆಟರಿ ಎಂಬ ಪಾದ್ರಿಗಳ ಮಠದಲ್ಲಿ ಎಂಬುದು ಈ ಊರಿಗೆ ಬಂದು ಎಷ್ಟೋ ವರ್ಷ ಕಳೆಯುವವರೆಗೆ, ಕ್ರೈಸ್ತ ಮನೆತನದಲ್ಲೇ ಹುಟ್ಟಿ ಬೆಳೆದ ನನಗೂ ತಿಳಿದಿರಲಿಲ್ಲ.

ಗೀತೆ ಹುಟ್ಟಿದ್ದು ಮಾತ್ರ ಇಲ್ಲಲ್ಲ, ಸಮುದ್ರದ ಮೇಲೆ. 1833ರಲ್ಲಿ ನ್ಯೂಮನ್ ಆಕ್ಸ್‌ಫರ್ಡಿನಲ್ಲಿ ಆಂಗ್ಲಿಕನ್ ಪಾದ್ರಿ, ವಯಸ್ಸು ಮೂವತ್ತೆರಡು. ಸ್ನೇಹಿತರು ಊರಿಗೆ ಮರಳಿದ ಮೇಲೂ ಒಬ್ಬನೇ ಸಿಸಿಲಿ ದ್ವೀಪವನ್ನು ಸುತ್ತಲು ಹೋಗಿ, ಅಲ್ಲಿ ವಿಷಮಜ್ವರಕ್ಕೆ ಸಿಕ್ಕಿ, ಬದುಕುವ ಆಸೆಯನ್ನೇ ಇತರರು ಬಿಟ್ಟಿದ್ದ ಸ್ಥಿತಿಯಿಂದ ಹೇಗೋ ಚೇತರಿಸಿಕೊಂಡ. ಹೊರಡುವ ದಿನ ಮಂಚದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತನಂತೆ; ಏಕೆಂದು ಕೇಳಿದ ಸೇವಕನಿಗೆ, ಇಂಗ್ಲೆಂಡಿನಲ್ಲಿ ತಾನು ಮಾಡಬೇಕಾದ ಕೆಲಸವೊಂದಿದೆ ಎಂದಷ್ಟೇ ಹೇಳಲು ಅವನಿಂದಾಯಿತು. ಪಲೆರ್ಮೊ ಬಂದರಿನಲ್ಲಿ ವಾರಗಟ್ಟಲೆ ಕಾದು, ಕಿತ್ತಳೆ ಹಣ್ಣು ಸಾಗಿಸುವ ಹಾಯಿಹಡಗೊಂದನ್ನು ಹತ್ತಿದರೆ, ಕಾರ್ಸಿಕಾ ಮತ್ತು ಸಾರ್ಡೀನಿಯಾ ದ್ವೀಪಗಳ ನಡುವಿನ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ಒಂದು ವಾರ ಅಲ್ಲಾಡದೆ ನಿಂತಿತು. ಜೂನ್ 16ರಂದು ಅವನು ಈ ಸಾಲುಗಳನ್ನು ಬರೆದದ್ದು ಹಾಗೆ ನಿಂತ ಹಡಗಿನಲ್ಲಿ. ಮನೆಗೆ ಹೋಗಲೇಬೇಕೆಂಬ ತವಕ ಒಂದು ಕಡೆ, ಮುಂದೆ ಸಾಗಿಸುವುದು ತನ್ನ ಕೈಯಲ್ಲಿಲ್ಲವೆಂಬ ಅರಿವು ಇನ್ನೊಂದು ಕಡೆ.

ಗೀತೆಗೆ ಅವನು ಕೊಟ್ಟ ಹೆಸರು ‘ಮೇಘಸ್ತಂಭ’. ಸತ್ಯವೇದ ಓದುವವರಿಗೆ ಇದು ಕೂಡಲೇ ಹೊಳೆಯುತ್ತದೆ: ವಿಮೋಚನಕಾಂಡದಲ್ಲಿ ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಿಗೆ ದೇವರು ಹಗಲಲ್ಲಿ ಮೇಘಸ್ತಂಭವಾಗಿ, ಇರುಳಲ್ಲಿ ಅಗ್ನಿಸ್ತಂಭವಾಗಿ ಮುಂದೆ ಮುಂದೆ ನಡೆಯುತ್ತಾನೆ. ಅವರ ಕೈಯಲ್ಲಿ ನಕ್ಷೆಯಿರಲಿಲ್ಲ. ಮೋಡ ಎದ್ದರೆ ಹೊರಡುವುದು, ನಿಂತರೆ ಗುಡಾರ ಹಾಕುವುದು. ಈ ಗೀತೆಯ ಬೆಳಕನ್ನು ‘ಸರ್ವಧರ್ಮದ ಬೆಳಕು’ ಎಂದು ಸಭೆಗಳಲ್ಲಿ ಪರಿಚಯಿಸುವುದನ್ನು ಕೇಳಿದ್ದೇನೆ. ಯಾರು ಬೇಕಾದರೂ ಹಾಡಬಹುದಾದ ಗೀತೆಯೆಂಬುದು ನಿಜ, ಗಾಂಧೀಜಿಗೂ ಅದು ಅಚ್ಚುಮೆಚ್ಚು. ಆದರೂ ಅದರ ಬೇರನ್ನು ಮುಚ್ಚಿಟ್ಟರೆ ಅದರ ಸಾಂತ್ವನವೂ ಅಷ್ಟರಮಟ್ಟಿಗೆ ತೆಳುವಾಗುತ್ತದೆ ಎಂದು ನನಗೆ ಅನಿಸುತ್ತದೆ. ಮರುಭೂಮಿಯಲ್ಲಿ ನಲವತ್ತು ವರ್ಷ ಅಲೆದವರ ನೆನಪು ಬೆನ್ನಿಗಿರುವುದರಿಂದಲೇ ‘ಸಾಕು ನನಗೊಂದು ಹೆಜ್ಜೆ’ ಎಂಬ ಮಾತಿಗೆ ಅಷ್ಟು ತೂಕ.

ಕನ್ನಡದ ಗೀತೆಯಲ್ಲಿ ಮೂಲದಲ್ಲಿಲ್ಲದ ಒಂದು ಸೇರ್ಪಡೆಯಿದೆ. ಇಂಗ್ಲಿಷಿನಲ್ಲಿ ನ್ಯೂಮನ್ ‘ನನ್ನನ್ನು ಮುನ್ನಡೆಸು’ ಎಂದಷ್ಟೇ ಕೇಳುತ್ತಾನೆ. ಅಲ್ಲಿ ಬೆಳಕಿಗೆ ಕೈಯಿಲ್ಲ. ‘ಕೈ ಹಿಡಿದು ನಡೆಸೆನ್ನನು’ ಎಂದು ಕೈಯನ್ನು ತಂದವರು ಬಿ.ಎಂ.ಶ್ರೀ. ದೂರದಿಂದ ದಾರಿ ತೋರುವ ಬೆಳಕು, ಕತ್ತಲಲ್ಲಿ ಮಗುವಿನ ಬೆರಳು ಹಿಡಿದ ತಾಯಿಯಾಗಿ ಬದಲಾದದ್ದು ಆ ಒಂದು ಪದದಿಂದ. ಇಂಗ್ಲೆಂಡಿನ ಬಂಜರುದಿಣ್ಣೆ, ಜೌಗುನೆಲ, ಬಂಡೆಗಳಿದ್ದ ಕಡೆ ಅವರ ಗೀತೆಯಲ್ಲಿ ಅಡವಿ, ಬೆಟ್ಟ, ಹೊಳೆಗಳಿವೆ. ಮಲೆನಾಡಿನವರಿಗೆ ಆ ದಾರಿ ಪರಿಚಿತವೇ. ಇನ್ನು ‘ಮನೆ ದೂರ’ ಎಂಬ ಎರಡು ಪದಗಳ ಬಗ್ಗೆ ಈ ಪತ್ರಿಕೆಯ ಓದುಗರಿಗೆ ನಾನು ವಿವರಣೆ ಕೊಡಬೇಕಾಗಿಲ್ಲ.

ಕಷ್ಟದಲ್ಲಿ ಈ ಗೀತೆಯನ್ನು ಹಿಡಿದವರ ಕಥೆಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಡರಮ್ ಪ್ರಾಂತದ ವೆಸ್ಟ್ ಸ್ಟ್ಯಾನ್ಲಿ ಕಲ್ಲಿದ್ದಲ ಗಣಿಯದು. 1909ರ ಫೆಬ್ರವರಿ 16ರಂದು ಅಲ್ಲಿ ಸಂಭವಿಸಿದ ಸ್ಫೋಟದಲ್ಲಿ 168 ಗಂಡಸರೂ ಹುಡುಗರೂ ಸತ್ತರು. ಗಾಳಿ ಇನ್ನೂ ಕೆಡದಿದ್ದ ಒಂದು ಕಡೆ ಸಿಕ್ಕಿಬಿದ್ದವರು ಕಗ್ಗತ್ತಲಲ್ಲಿ ಒಟ್ಟಿಗೆ ಕುಳಿತು ಇದನ್ನೇ ಹಾಡುತ್ತಾ ಕಾದರು. ಅವರಲ್ಲಿ ಕೆಲವರು ಜೀವಸಹಿತ ಮೇಲೆ ಬಂದರು. ಹಾಡಿದ್ದರಿಂದಲೇ ಬದುಕಿದರೆಂದು ನಾನು ಹೇಳುತ್ತಿಲ್ಲ. ಅಂಥ ಕಡೆ ಬಹು ದೂರದ ನೋಟವನ್ನು ಕೇಳದ ಪ್ರಾರ್ಥನೆಯೊಂದೇ ಬಾಯಿಗೆ ಬಂದೀತು, ಅಷ್ಟೆ.

2020ರ ಮಾರ್ಚ್ ಕೊನೆಯಲ್ಲಿ ಭಾರತಕ್ಕೆ ವಿಮಾನಗಳು ನಿಂತುಹೋದವು. ಏಪ್ರಿಲ್ಲಿನಲ್ಲಿ ಮೈಸೂರಿನಲ್ಲಿ ನನ್ನ ತಾಯಿ ತೀರಿಕೊಂಡರು. ತಂಗಿ ಮೊಬೈಲನ್ನು ಎತ್ತಿ ಹಿಡಿದಿದ್ದಳು; ಸಭಾಪಾಲಕರೂ ಮನೆಯ ನಾಲ್ಕೈದು ಜನವೂ ಬಿಟ್ಟರೆ ಸಮಾಧಿಯ ಬಳಿ ಯಾರೂ ಇರಲಿಲ್ಲ. ಚಿತ್ರ ಆಗಾಗ ನಿಂತು, ಮಾತು ತುಂಡುತುಂಡಾಗಿ ಬರುತ್ತಿತ್ತು. ಆ ವಾರಗಳಲ್ಲಿ ನನಗೆ ಪ್ರಾರ್ಥಿಸಲು ಆಗಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮಾತುಗಳು ಬರುತ್ತಿರಲಿಲ್ಲ, ಬಂದವೂ ದೇವರ ಮೇಲಿನ ದೂರುಗಳೇ. ಅಮ್ಮ ಒಲೆಯ ಮುಂದೆ ಗುನುಗುತ್ತಿದ್ದ ಈ ಹಾಡು ಮಾತ್ರ, ನಾನು ಕರೆಯದೆಯೇ, ಪಾತ್ರೆ ತೊಳೆಯುವಾಗಲೋ ಮೆಟ್ಟಿಲು ಹತ್ತುವಾಗಲೋ ಬರುತ್ತಿತ್ತು. ‘ಮುನ್ನ ಇಂತಿರದಾದೆ, ನಿನ್ನ ಬೇಡದೆ ಹೋದೆ’ ಎಂಬ ಸಾಲಿಗೆ ಬಂದಾಗ ನನ್ನ ದೂರುಗಳಿಗೂ ಅದರೊಳಗೆ ಜಾಗವಿದೆ ಎನ್ನಿಸಿತು. ತಾನು ದಾರಿ ತಪ್ಪಿದ್ದನ್ನು, ಮೆರೆದದ್ದನ್ನು ಮೊದಲೇ ಹೇಳಿಕೊಂಡವನೊಬ್ಬನ ಪ್ರಾರ್ಥನೆಯನ್ನು ಎರವಲು ಪಡೆದು, ಆ ದಿನಕ್ಕೆ ಆ ದಿನದ ಹೆಜ್ಜೆಯಿಟ್ಟೆ. ನಂಬಿಕೆ ಒಮ್ಮೆಲೇ ಮರಳಿ ಬರಲಿಲ್ಲ.

ಗೀತೆಯ ಕೊನೆಯಲ್ಲಿ, ಹಿಂದೊಮ್ಮೆ ಒಲಿದು ನಡುವೆ ಕಳೆದುಕೊಂಡ ದಿವ್ಯಮುಖ ಬೆಳಗಾದಾಗ ನಗುತ್ತಾ ಕಾಣಿಸದಿರುತ್ತದೆಯೇ ಎಂಬ ಮಾತು ಬರುತ್ತದೆ. ಅದು ಯಾರ ಮುಖವೆಂದು 1879ರಲ್ಲಿ ಒಬ್ಬರು ಪತ್ರ ಬರೆದು ಕೇಳಿದಾಗ ಮುದುಕನಾಗಿದ್ದ ನ್ಯೂಮನ್, ಸುಮಾರು ಐವತ್ತು ವರ್ಷಗಳ ಬಳಿಕವೂ ತನ್ನ ಅರ್ಥವನ್ನು ನೆನಪಿಟ್ಟುಕೊಂಡಿರಬೇಕೆಂಬ ಕಟ್ಟುಪಾಡು ಕವಿಗಿಲ್ಲ ಎಂದು ಉತ್ತರಿಸಿ ಸುಮ್ಮನಾದರು. ನನ್ನ ಮಟ್ಟಿಗೆ ಆ ಸಾಲಿನಲ್ಲಿ ಈಗ ಒಲೆಯ ಮುಂದೆ ಕುಳಿತ ಮೈಸೂರಿನ ಒಬ್ಬ ಹೆಂಗಸಿದ್ದಾರೆ. ಡಿಸೆಂಬರಿನ ನಮ್ಮ ಕ್ರಿಸ್ಮಸ್ ಕೂಟದಲ್ಲಿ ಮಕ್ಕಳು ಇದನ್ನು ಹಾಡಲಿದ್ದಾರೆ. ಅಭ್ಯಾಸ ನಡೆದಿದೆ, ‘ಇಂತಿರದಾದೆ’ ಎಂಬಲ್ಲಿ ಎಲ್ಲರೂ ಇನ್ನೂ ಎಡವುತ್ತಾರೆ.