ರೇಷ್ಮೆ ಮೊಟ್ಟೆಗಿರುವ ಲೆಕ್ಕ ಕೋಳಿ ಮೊಟ್ಟೆಗೂ ಇರಲಿ

ಸಂಪಾದಕರಿಗೆ ನಮಸ್ಕಾರ.

ಹೊರಗಿನಿಂದ ಮೊಟ್ಟೆ ತರಿಸಿ ಮನೆಯಲ್ಲೇ ಇನ್‌ಕ್ಯುಬೇಟರ್ ಇಟ್ಟು ಕೋಳಿಮರಿ ಮಾಡಿಸುವುದು ನಮ್ಮ ಶಿಡ್ಲಘಟ್ಟ ಕಡೆಯ ಹಳ್ಳಿಗಳಿಗೂ ಬಂದಿದೆ. ಮೊಬೈಲ್‌ನಲ್ಲಿ ಹಣ ಹಾಕಿದರೆ ಸಾಕು, ಕಡಕನಾಥ್, ಅಸೀಲ್ ತಳಿಯ ಕೋಳಿ ಮೊಟ್ಟೆಗಳು ಬಸ್ಸಿನಲ್ಲೋ ಕೊರಿಯರ್‌ನಲ್ಲೋ ಬಂದಿಳಿಯುತ್ತವೆ. ಅರ್ಧಕ್ಕರ್ಧ ಮರಿಯಾಗದೆ ಹೋದಾಗ ಮಾರಿದವರ ಉತ್ತರ ಒಂದೇ: ‘ನಿಮ್ಮ ಮಿಷನ್ ಸರಿಯಿಲ್ಲ.’ ಆ ಮಾತು ನಂಬಿ ನಮ್ಮ ಸಂಘದ ಹೆಣ್ಣುಮಕ್ಕಳು ಸಾಲದಲ್ಲಿ ಕೊಂಡ ಯಂತ್ರವನ್ನು ಅಟ್ಟಕ್ಕೆ ಹಾಕುತ್ತಿದ್ದಾರೆ. ಅದನ್ನು ನೋಡಿಕೊಂಡು ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿ ಕೋಣೆ ಇರುತ್ತದೆ. ದಾರಿಯ ಕುಲುಕಾಟಕ್ಕೆ ಅದರ ಪೊರೆ ಸಡಿಲವಾಗುತ್ತದೆ. ಪಾರ್ಸೆಲ್ ಬಿಚ್ಚಿದ ಮೇಲೆ ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ದಪ್ಪ ತುದಿಗೆ ಹಿಡಿದು ಮೊಟ್ಟೆಯನ್ನು ಮೆಲ್ಲಗೆ ವಾಲಿಸಿ ನೋಡಿ. ಗಾಳಿ ಕೋಣೆ ಇದ್ದಲ್ಲೇ ನಿಂತರೆ ಸರಿ. ಗಾರೆ ಕೆಲಸದವರ ರಸಮಟ್ಟದ ಗುಳ್ಳೆಯಂತೆ ಅತ್ತಿತ್ತ ಓಡಿದರೆ ಆ ಮೊಟ್ಟೆ ದಾರಿಯಲ್ಲೇ ಪೆಟ್ಟು ತಿಂದಿದೆ. ಹಾಗೆಂದು ಎಸೆಯಬೇಕಿಲ್ಲ. ಚೂಪು ತುದಿ ಕೆಳಗಾಗಿ ಟ್ರೇಯಲ್ಲಿ ನಿಲ್ಲಿಸಿ, ತಂಪಾದ ಜಾಗದಲ್ಲಿ 12ರಿಂದ 24 ಗಂಟೆ ಅಲುಗಿಸದೆ ಬಿಡಬೇಕು. ಯಂತ್ರದಲ್ಲಿಟ್ಟ ಮೇಲೂ ಮೊದಲ ಕೆಲವು ದಿನ ಹೊರಳಿಸದೆ ಹಾಗೇ ನಿಲ್ಲಿಸಿದರೆ ಒಂದಷ್ಟಾದರೂ ಉಳಿಯುತ್ತವೆ. ಮಾರುವವರು ಇದನ್ನು ಹೇಳುವುದೇ ಇಲ್ಲ. ಬಂದ ತಕ್ಷಣ ಕಾವಿಗಿಡಿ ಎನ್ನುತ್ತಾರೆ.

ಕುಲುಕಾಟಕ್ಕಿಂತ ಕೆಟ್ಟದ್ದು ಬಿಸಿ. ಫಲಿತ ಮೊಟ್ಟೆ 13ರಿಂದ 18 ಡಿಗ್ರಿ ತಂಪಿನಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಸುಮಾರು 21 ಡಿಗ್ರಿ ದಾಟಿತೆಂದರೆ ಒಳಗಿನ ಜೀವ ಅರೆಬರೆ ಬೆಳೆಯತೊಡಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಡಬ್ಬದೊಳಗೆ ಬೆಂದು, ರಾತ್ರಿ ತಣಿದು, ಮರುದಿನ ಮತ್ತೆ ಬೆಂದ ಮೊಟ್ಟೆಗೆ ಯಾವ ಯಂತ್ರ ಜೀವ ಕೊಡಬಲ್ಲದು? ಕಾವಿಗಿಟ್ಟ ಏಳನೇ ದಿನ ಬೆಳಕಿಗೆ ಹಿಡಿದರೆ, ಬದುಕಿರುವ ಮೊಟ್ಟೆಯಲ್ಲಿ ರಕ್ತನಾಳಗಳು ಕವಲೊಡೆದು ಹರಡಿರುತ್ತವೆ, ನಡುವಿನ ಕಪ್ಪು ಚುಕ್ಕೆ ಅಲುಗುತ್ತದೆ. ಬೆಳೆಯತೊಡಗಿ ಸತ್ತದ್ದರಲ್ಲಿ ನಾಳಗಳೆಲ್ಲ ಅಳಿದು ಒಂದು ಕೆಂಪು ಬಳೆ ಮಾತ್ರ ಉಳಿದಿರುತ್ತದೆ. ಅದೇ ಯಂತ್ರದಲ್ಲಿ, ಅದೇ 37.5 ಡಿಗ್ರಿಯಲ್ಲಿ, ಪಕ್ಕದಲ್ಲೇ ಇಟ್ಟ ನಮ್ಮ ಹಿತ್ತಲ ನಾಟಿ ಮೊಟ್ಟೆಗಳು 21ನೇ ದಿನಕ್ಕೆ ಚಿಪ್ಪೊಡೆದು ಹೊರಬರುತ್ತವೆ. ಮಿಷನ್ ಕೆಟ್ಟಿದ್ದರೆ ಅವೂ ಕೆಡಬೇಕಿತ್ತಲ್ಲವೇ?

ಮರಿ ಮಾಡುವವರೂ ಎಚ್ಚರವಾಗಿರಬೇಕು, ನಿಜ. ಕೊನೆಯ ಮೂರು ದಿನ ಮೊಟ್ಟೆ ಹೊರಳಿಸಬಾರದು, ತೇವಾಂಶ ಶೇ 65ರಿಂದ 70ಕ್ಕೆ ಏರಿಸಬೇಕು, ಮುಚ್ಚಳ ತೆಗೆದು ಇಣುಕಬಾರದು. ಇಷ್ಟನ್ನು ನಮ್ಮವರು ಬೇಗ ಕಲಿಯುತ್ತಾರೆ.

ನಮ್ಮದು ರೇಷ್ಮೆ ಸೀಮೆ. ಮೊಟ್ಟೆ ಸಾಗಿಸುವುದು ಹೇಗೆಂದು ನಮಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ. ಬಿತ್ತನೆ ಕೋಠಿಯಿಂದ ರೇಷ್ಮೆ ಮೊಟ್ಟೆ ತರುವುದು ಬೆಳಗಿನ ಇಲ್ಲವೇ ಸಂಜೆಯ ತಂಪಿನಲ್ಲಿ. ಯಾವ ಲಾಟ್, ಎಂದು ಇಟ್ಟ ಮೊಟ್ಟೆ ಎಂಬ ಲೆಕ್ಕ ಜೊತೆಗಿರುತ್ತದೆ. ರೇಷ್ಮೆಹುಳುವಿನ ಗಂಟುರೋಗ ತಾಯಿಯಿಂದಲೇ ಮೊಟ್ಟೆಗೆ ಅಂಟುವುದರಿಂದ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿ ಇದೆ. ಕೋಳಿಯ ಬಿಳಿ ಭೇದಿಯೂ ಹೀಗೆಯೇ ತಾಯಿಯಿಂದ ಮೊಟ್ಟೆಯೊಳಗೆ ಬಂದು, ಹುಟ್ಟಿದ ಮರಿಗಳನ್ನು ಸಾಲಾಗಿ ಮಲಗಿಸುವ ರೋಗ. ಇಲ್ಲಿ ಹೇಟೆಯನ್ನು ಕೊಲ್ಲಬೇಕಾಗಿಯೂ ಇಲ್ಲ. ಒಂದು ಹನಿ ರಕ್ತವನ್ನು ಆಂಟಿಜೆನ್ ಎಂಬ, ರೋಗ ಪತ್ತೆಯ ಬಣ್ಣದ ದ್ರಾವಣದ ಜೊತೆ ಬೆರೆಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೂ ಪಾರ್ಸೆಲ್‌ನಲ್ಲಿ ಬರುವ ಕೋಳಿ ಮೊಟ್ಟೆಯ ಜೊತೆ ಒಂದು ಚೀಟಿಯೂ ಇರುವುದಿಲ್ಲ. 2025ರ ಆರಂಭದಲ್ಲಿ ನಮ್ಮ ಜಿಲ್ಲೆಯ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅಷ್ಟಾದ ಮೇಲೂ ಎಲ್ಲಿಯದೋ ಮೊಟ್ಟೆ ಹೇಳಕೇಳುವವರಿಲ್ಲದೆ ಹಳ್ಳಿಯೊಳಗೆ ಬರುವುದು ಸರಿಯೇ?

ಪಶುಪಾಲನಾ ಇಲಾಖೆ ಇದಕ್ಕೊಂದು ನಿಯಮ ಮಾಡಬೇಕು. ಮರಿ ಮಾಡಿಸಲು ಮಾರುವ ಪ್ರತಿ ಮೊಟ್ಟೆಯ ಮೇಲೂ ಅದನ್ನು ಇಟ್ಟ ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆದಿರಬೇಕು. ತಾಯಿ ಕೋಳಿಗಳಿಗೆ ಬಿಳಿ ಭೇದಿ ಪರೀಕ್ಷೆ ಮಾಡಿಸಿದ ಚೀಟಿ ಪಾರ್ಸೆಲ್ ಜೊತೆ ಬರಬೇಕು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆ ಪರೀಕ್ಷೆಗೆ ಅನುಕೂಲ ಮಾಡಿಕೊಟ್ಟರೆ ನಮ್ಮ ಹೆಣ್ಣುಮಕ್ಕಳೇ ಊರೂರಿಗೆ ಒಳ್ಳೆಯ ಮೊಟ್ಟೆ ಒದಗಿಸಬಲ್ಲರು. ಆಗ ಅವು ದೂರದಿಂದ ಕುಲುಕುತ್ತಾ ಬರಬೇಕಾಗಿಯೂ ಇಲ್ಲ.

ಅಲ್ಲಿಯವರೆಗೆ ಕೊಳ್ಳುವವರಲ್ಲಿ ನನ್ನ ವಿನಂತಿ: ಮಾರ್ಚ್‌ನಿಂದ ಮೇ ತಿಂಗಳವರೆಗೆ ದೂರದ ಮೊಟ್ಟೆ ತರಿಸಬೇಡಿ. ಉಳಿದ ಕಾಲದಲ್ಲೂ, ಯಾವ ದಿನ ಇಟ್ಟ ಮೊಟ್ಟೆ ಎಂದು ಹೇಳದವರಿಗೆ ಮುಂಗಡ ಹಣ ಹಾಕಬೇಡಿ.

– ರೇಷ್ಮೆ ಬೆಳೆಗಾರ್ತಿ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ