ಕೊರಳು ನೋಡಿ ಮೋಸ ಹೋಗಬೇಡಿ, ಕಾಲು ನೋಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ದಕ್ಷಿಣ ಅಮೆರಿಕದ ಅಳಿದುಹೋದ ಪ್ರಾಣಿಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಮ್ಯಾಕ್ರಾಕೀನಿಯಾ ಎಂಬ ಉದ್ದ ಕೊರಳಿನ ಪ್ರಾಣಿಯ ಚಿತ್ರದ ಕೆಳಗೆ ‘ಒಂಟೆಯ ಪೂರ್ವಜ’ ಎಂದು ಅಚ್ಚಾಗಿದೆ. ನಾನು ಮೂವತ್ತು ವರ್ಷ ದನ, ಕುದುರೆಗಳ ಕಾಲು ಹಿಡಿದೇ ಅನ್ನ ತಿಂದ ಪಶುವೈದ್ಯ. ಈ ವಿಷಯದಲ್ಲಿ ಸುಮ್ನೆ ಕೂರಲು ಆಗಲಿಲ್ಲ.

ಬರೆದವರನ್ನು ಬೈಯುತ್ತಿಲ್ಲ. ಈ ಗೊಂದಲಕ್ಕೆ ಸುಮಾರು ಇನ್ನೂರು ವರ್ಷ ವಯಸ್ಸಾಗಿದೆ. 1834ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ತೆಂಕಣ ತುದಿಯ ಪ್ಯಾಟಗೋನಿಯಾದ ಸೇಂಟ್ ಜೂಲಿಯನ್ ಬಂದರಿನ ಹತ್ತಿರ ಡಾರ್ವಿನ್ ಈ ಮೂಳೆಗಳನ್ನು ಅಗೆದು ತೆಗೆದರು. ಆನೆಯಂಥ ಮ್ಯಾಸ್ಟೊಡಾನ್ ಇರಬಹುದು ಅಂತ ಅವರ ಮೊದಲ ಊಹೆ. 1838ರಲ್ಲಿ ಇಂಗ್ಲೆಂಡಿನ ಅಂಗರಚನಾ ತಜ್ಞ ರಿಚರ್ಡ್ ಓವೆನ್ ಹೆಸರಿಟ್ಟರು. ಅವರ ಕೈಯಲ್ಲಿದ್ದದ್ದು ಕೊರಳಿನ, ಕಾಲಿನ ಮೂಳೆಗಳು. ತಲೆಬುರುಡೆ ಇರಲೇ ಇಲ್ಲ.

ಕೊರಳು ಏಕೆ ಮೋಸ ಮಾಡಿತು ಅನ್ನುವುದು ನನಗೆ ಸ್ವಂತ ಅನುಭವ. ವಿದ್ಯಾರ್ಥಿಯಾಗಿದ್ದಾಗ ಪ್ರಾಯೋಗಿಕ ಪರೀಕ್ಷೆಯಲ್ಲಿ ಕೊರಳಿನ ಒಂದು ಮೂಳೆ ಕೈಗೆ ಕೊಟ್ಟರು. ಹಸುವಿನದಾಗಲಿ ಕುದುರೆಯದಾಗಲಿ, ಕೊರಳಿನ ಮೂಳೆಯ ಪಕ್ಕದ ಚಾಚಿನಲ್ಲಿ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಸಾಮಾನ್ಯವಾಗಿ ಒಂದು ತೂತು ಇರುತ್ತದೆ. ನಾನು ಆಚೆ ತಿರುಗಿಸಿದೆ, ಈಚೆ ತಿರುಗಿಸಿದೆ, ತೂತಿಲ್ಲ. ‘ಮೂಳೆ ಹಾಳಾಗಿದೆ ಸಾರ್’ ಅಂದುಬಿಟ್ಟೆ! ಪರೀಕ್ಷಕರು ನಕ್ಕು, ‘ಹಾಳಾಗಿಲ್ಲ ಕಣಯ್ಯಾ, ಒಂಟೆ. ಬೆನ್ನುಹುರಿ ಹೋಗುವ ಓಣಿಯ ಒಳಗೋಡೆ ನೋಡು’ ಅಂದರು. ತೂತು ಅಲ್ಲಿ ಅಡಗಿತ್ತು. ಮ್ಯಾಕ್ರಾಕೀನಿಯಾದ್ದೂ ಹಾಗೆಯೇ. ಅದಕ್ಕೇ ಓವೆನ್ ಒಂಟೆಯ ಮತ್ತು ಅದರ ದಕ್ಷಿಣ ಅಮೆರಿಕದ ನಂಟ ಲಾಮಾದ ಹೋಲಿಕೆ ಕಂಡು, ಲಾಮಾಕ್ಕೆ ಆಗ ಇದ್ದ ‘ಆಕೀನಿಯಾ’ ಎಂಬ ಹೆಸರನ್ನೇ ಇದಕ್ಕೂ ಸೇರಿಸಿದರು. ಹೆಸರು ಹಾಗೇ ಉಳಿಯಿತು.

ಆದರೆ ಓವೆನ್ ಕಾಲನ್ನೂ ನೋಡಿದ್ದರು. ಒಂಟೆಗೆ ಎರಡು ಬೆರಳು, ಇದಕ್ಕೆ ಮೂರು. ಹಿಂಗಾಲಿನ ಕೀಲಿನಲ್ಲಿ ಒಂದು ಗುಂಡು ಮೂಳೆ ಇದೆ. ದನ, ಒಂಟೆಗಳಲ್ಲಿ ಅದರ ಎರಡೂ ತುದಿಗೆ ರಾಟೆಯಂಥ ಕೊರಕಲು ಇರುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತದೆ. ಇದರಲ್ಲಿ ರಾಟೆ ಮೇಲೆ ಮಾತ್ರ. ಹಾಗಾಗಿಯೇ ಓವೆನ್ ಇದನ್ನು ಘೇಂಡಾಮೃಗ, ಟೇಪಿರ್‌ (ಹಂದಿಯಂತೆ ಕಾಣುವ, ಗಿಡ್ಡ ಸೊಂಡಿಲಿನ ಪ್ರಾಣಿ) ಇದ್ದ ಗುಂಪಿಗೆ ಸೇರಿಸಿ, ಒಂಟೆಯ ನಂಟೂ ಇದೆ ಅಂದರು. ಜನ ನೆನಪಿಟ್ಟುಕೊಂಡದ್ದು ಒಂಟೆಯನ್ನು! 1889ರಲ್ಲಿ ಅರ್ಜೆಂಟೀನಾದ ಪಳೆಯುಳಿಕೆ ತಜ್ಞ ಫ್ಲೊರೆಂಟಿನೊ ಅಮೆಘಿನೊ ಇಂಥ ಪ್ರಾಣಿಗಳಿಗೆಲ್ಲ ಲಿಟೊಪ್ಟೆರ್ನಾ ಅನ್ನುವ ಬೇರೆಯದೇ ಗಣ ಮಾಡಿದರು. ಗ್ರೀಕ್‌ನಲ್ಲಿ ‘ನಯವಾದ ಹಿಮ್ಮಡಿ’ ಅಂತ ಅರ್ಥ. ಅವರೂ ಕಾಲನ್ನೇ ನಂಬಿದರು ನೋಡಿ.

ಇನ್ನೂ ಒಂದು ಮಾತು. ಒಂಟೆ ಕುಲ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ. ಅದು ದಕ್ಷಿಣಕ್ಕೆ ಇಳಿಯುವ ಎಷ್ಟೋ ಕೋಟಿ ವರ್ಷ ಮೊದಲೇ ಮ್ಯಾಕ್ರಾಕೀನಿಯಾದ ವಂಶ ಅಲ್ಲಿ ಮೇಯುತ್ತಿತ್ತು. ಪೂರ್ವಜ ಆಗುವುದು ಹೇಗೆ?

2015ರಲ್ಲಿ ಮೂಳೆಯೊಳಗೆ ಉಳಿದಿದ್ದ ಕೊಲಾಜನ್ ಪ್ರೋಟೀನ್ ಓದಿದರು. 2017ರಲ್ಲಿ ಚಿಲಿಯ ಒಂದು ಗುಹೆಯ ಮೂಳೆಯಿಂದ ಡಿಎನ್‌ಎ ಸಿಕ್ಕಿತು. ಎರಡರ ಉತ್ತರವೂ ಒಂದೇ: ಕುದುರೆ, ಟೇಪಿರ್, ಘೇಂಡಾಮೃಗಗಳ ದಾಯಾದಿ. ಸುಮಾರು 6.6 ಕೋಟಿ ವರ್ಷದ ಹಿಂದೆ ಪಾಲಾದ, ಬಹಳ ದೂರದ ದಾಯಾದಿ.

ಚಿತ್ರದ ಬಗ್ಗೆಯೂ ಒಂದು ತಕರಾರು ಇದೆ. ಸೊಂಡಿಲು ಬರೆದಿರುವುದಕ್ಕೆ ನನ್ನ ಅಭ್ಯಂತರವಿಲ್ಲ. ಮೂಗಿನ ತೂತು ನೆತ್ತಿಯ ಹತ್ತಿರ ಇದೆ, ಮಾಂಸ ಕಲ್ಲಾಗಿ ಉಳಿಯುವುದಿಲ್ಲ, ಸೊಂಡಿಲೋ ಊದಿದ ಮೂತಿಯೋ ಅಂತ ಪಂಡಿತರೇ ಜಗಳ ಆಡುತ್ತಿದ್ದಾರೆ. ಆದರೆ ಕಲಾವಿದರು ಅದರ ಕಾಲಿಗೆ ದನದ ಹಾಗೆ ಸೀಳು ಗೊರಸು ಕೊಟ್ಟಿದ್ದಾರೆ. ತಿದ್ದುಪಡಿ ಹಾಕುವಾಗ ದಯವಿಟ್ಟು ಕಾಲಿಗೆ ಮೂರು ಬೆರಳು ಬರೆಸಿ.

ಇಂತಿ,
ಒಬ್ಬ ನಿವೃತ್ತ ಪಶುವೈದ್ಯ